ಎರಡು ಹೊತ್ತಿನ ಚಳಿಗೆ ಬೀರುವಿನಲ್ಲಿರುವ ಬಟ್ಟೆಯೇ ಸಾಕು

ಕೊಡಗಿನ ಮಾಗಿ ಚಳಿ ದಿನವಿಡೀ ಕಾಡುವ ಚಳಿಯಲ್ಲ, ಬೆಳಗ್ಗೆ ಮತ್ತು ಸಂಜೆ ಎರಡು ಹೊತ್ತು ಬಂದುಹೋಗುವ ಚಳಿ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಡಿಸೆಂಬರ್, ಜನವರಿ ತಿಂಗಳ ಬೆಳಗಿನ ಜಾವ ಉಷ್ಣಾಂಶವು ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 25 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಏಳು ಗಂಟೆಗೆ ಹಿತವಾಗಿದ್ದ ದಪ್ಪ ಜರ್ಕಿನ್ ಹನ್ನೊಂದು ಗಂಟೆಗೆ ತೋಳಿನ ಮೇಲೆ ಹೊತ್ತು ತಿರುಗುವ ಹೊರೆಯಾಗುತ್ತದೆ. ಆದ್ದರಿಂದ ಇಲ್ಲಿಗೆ ಬೇಕಾದದ್ದು ಒಂದು ದಪ್ಪ ಉಡುಪಲ್ಲ, ಬಿಸಿಲು ಏರಿದಂತೆ ಒಂದೊಂದಾಗಿ ಕಳಚಬಹುದಾದ ಎರಡು ಮೂರು ತೆಳುವಾದ ಉಡುಪುಗಳು. ಅಂಥವು ಹೆಚ್ಚಿನ ಮನೆಗಳ ಬೀರುವಿನಲ್ಲಿ ಈಗಾಗಲೇ ಇರುತ್ತವೆ. ಬೇಸಿಗೆಯ ಬಟ್ಟೆ, ಮಳೆಗಾಲದ ಬಟ್ಟೆ ಎಂದು ಬೇರೆ ಬೇರೆ ಕಡೆ ಮಡಚಿಟ್ಟಿರುವುದರಿಂದ ಅವು ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದು ಮಳೆ ಹಿಂದೆಗೆದ ಮೇಲೆ, ಹೊಸ ಭತ್ತದ ಕೊಯ್ಲಿನ ಪುತ್ತರಿ ಹಬ್ಬ ಬರುವುದರೊಳಗೆ, ಬಿಸಿಲು ಚೆನ್ನಾಗಿರುವ ಒಂದು ದಿನ ಬೀರುವನ್ನೂ ಟ್ರಂಕುಗಳನ್ನೂ ಪೂರ್ತಿ ಖಾಲಿ ಮಾಡುವುದರಿಂದ ಕೆಲಸ ಆರಂಭವಾಗಬೇಕು. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ನಾಲ್ಕು ತಿಂಗಳು ಮುಚ್ಚಿಟ್ಟ ಬಟ್ಟೆಗೆ ಬೂಷ್ಟು ಹಿಡಿಯದಿದ್ದರೆ ಅದೇ ಆಶ್ಚರ್ಯ. ಬೂಷ್ಟು ಹಿಡಿದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು, ಅದರ ಪುಡಿ ಉಳಿದ ಬಟ್ಟೆಗಳ ಮೇಲೂ ನಮ್ಮ ಶ್ವಾಸಕೋಶದೊಳಕ್ಕೂ ಹರಡುತ್ತದೆ. ಅಂಗಳಕ್ಕೆ ತಂದು, ಒಣಗಿರುವಾಗಲೇ ಮೃದುವಾದ ಬ್ರಷ್‌ನಿಂದ ಉಜ್ಜಿ ತೆಗೆದು, ಬಳಿಕ ಒಂದು ಪಾಲು ಬಿಳಿ ವಿನಿಗರ್‌ಗೆ ಮೂರು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ ಒಗೆಯುವುದು ಒಳ್ಳೆಯದು. ಹುಳಿ ಎಂದರೆ ಕಾಚಂಪುಳಿ (ಕೊಡಗಿನ ಕಪ್ಪು ವಿನಿಗರ್) ಎಂದುಕೊಳ್ಳುವ ನಮ್ಮ ಅಡುಗೆಮನೆಗಳಲ್ಲಿ ಒಂದು ಎಚ್ಚರಿಕೆ ಅಗತ್ಯ: ಆ ಕಪ್ಪು ರಸ ಪಂದಿಕರಿಗೆ ಎಷ್ಟು ಚೆಂದವೋ ಬಟ್ಟೆಗೆ ಅಷ್ಟೇ ಅಪಾಯ. ಚರ್ಮದ ಶೂ ಮತ್ತು ಬೆಲ್ಟುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಪಾಲಿಶ್ ಹಚ್ಚಿದರೆ ಸಾಕು.

ಒಣಗಿದ ಬಟ್ಟೆಗಳನ್ನು ಯಾರ ಬಟ್ಟೆ, ಯಾವ ಬಣ್ಣ ಎಂದು ನೋಡದೆ, ಅವು ಮಾಡುವ ಕೆಲಸದ ಪ್ರಕಾರ ಮೂರು ರಾಶಿ ಮಾಡಿಕೊಳ್ಳಬೇಕು: ಮೈಗೆ ಅಂಟಿಕೊಂಡಿರುವಂಥವು, ಬಿಸಿ ಹಿಡಿದಿಡುವಂಥವು, ಗಾಳಿ ತಡೆಯುವಂಥವು. ಬಟ್ಟೆ ತಾನಾಗಿ ಬಿಸಿಯನ್ನು ಉಂಟುಮಾಡುವುದಿಲ್ಲ. ಪದರಗಳ ನಡುವೆ ನಿಂತ ಗಾಳಿಯನ್ನು ನಮ್ಮ ಮೈಯೇ ಬಿಸಿಮಾಡುತ್ತದೆ, ಬಟ್ಟೆ ಅದನ್ನು ಹೊರಗೆ ಹೋಗದಂತೆ ಕಾಯುತ್ತದೆ. ಹೀಗಾಗಿ ಒಂದರ ಮೇಲೊಂದು ಬಿಗಿಯಾಗಿ ತೊಟ್ಟ ಮೂರು ಬಟ್ಟೆಗಳಿಗಿಂತ ಸ್ವಲ್ಪ ಸಡಿಲವಾಗಿ ತೊಟ್ಟ ಎರಡು ಹೆಚ್ಚು ಬೆಚ್ಚಗಿರುತ್ತವೆ. ಇದು ಹೊಸ ವಿಚಾರವೇನಲ್ಲ. ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಿನಲ್ಲಿ ಬಿಳಿಯ ತುಂಬುತೋಳಿನ ಅಂಗಿಯ ಮೇಲೆ ಮೊಣಕಾಲಿನವರೆಗೆ ಬರುವ ಅರೆತೋಳಿನ ನಿಲುವಂಗಿ ಕುಪ್ಯ, ಅದರ ಸೊಂಟಕ್ಕೆ ಬಿಗಿದ ಚೇಲೆ ಎಂಬ ಪಟ್ಟಿ, ಇವುಗಳನ್ನು ಗಮನಿಸಿದರೆ ಪದರದ ಲೆಕ್ಕ ಅಲ್ಲಿಯೇ ಕಾಣುತ್ತದೆ. ಪುತ್ತರಿಯ ರಾತ್ರಿ ಮಂಜು ಬೀಳುವ ಗದ್ದೆಗೆ ಕದಿರು ತೆಗೆಯಲು ಹೊರಟವರಿಗೆ ಆ ಉಡುಪು ಶೋಭೆಗಷ್ಟೇ ಇರುವುದಲ್ಲ: ಸೊಂಟದ ಪಟ್ಟಿ ಒಳಗಿನ ಬಿಸಿಗಾಳಿ ಕೆಳಗೆ ಜಾರಿಹೋಗದಂತೆ ತಡೆಯುತ್ತದೆ. ಸಡಿಲವಾದ ಹಳೆಯ ಜರ್ಕಿನ್ನಿನ ಕೆಳ ಅಂಚಿಗೆ ದರ್ಜಿಯಿಂದ ಇಲಾಸ್ಟಿಕ್ ಹಾಕಿಸಿಕೊಂಡರೆ ಅದೇ ಪ್ರಯೋಜನ ಸಿಗುತ್ತದೆ.

ಒಳಪದರಕ್ಕೆ ಹತ್ತಿಯ ಬನಿಯನ್, ತುಂಬುತೋಳಿನ ಟೀಶರ್ಟ್, ಲೆಗ್ಗಿಂಗ್ಸ್ ಯಾವುದಾದರೂ ಆದೀತು. ಆದರೆ ಹತ್ತಿ ಒದ್ದೆಯಾದರೆ ಬೇಗ ಒಣಗದೆ ಮೈಯನ್ನು ತಣ್ಣಗಾಗಿಸುವುದರಿಂದ, ಬೆಳಗ್ಗೆ ಬೆವರುವ ಕೆಲಸ ಮಾಡುವವರು ಒಂದು ಒಣ ಬನಿಯನ್ ಜೊತೆಗಿಟ್ಟುಕೊಳ್ಳಬೇಕು. ನಡುಪದರದ ವಿಷಯದಲ್ಲಿ ನಿಮ್ಮ ಸ್ವೆಟರು ಉಣ್ಣೆಯದೋ ಅಕ್ರಿಲಿಕ್ಕಿನದೋ ಎಂದು ತಿಳಿದುಕೊಳ್ಳುವುದು ಉಪಯುಕ್ತ. ಒಳ ಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ಒಡ್ಡಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲವಾದ್ದರಿಂದ, ಮಂಜಿನಲ್ಲಿ ಓಡಾಡುವವರಿಗೆ ಉಣ್ಣೆಯದನ್ನೂ, ಮನೆಯೊಳಗೆ ಇರುವವರಿಗೆ ಅಕ್ರಿಲಿಕ್ಕಿನದನ್ನೂ ಮೀಸಲಿಡಬಹುದು.

ಹೊರಪದರಕ್ಕೆ ಮಳೆಗಾಲದ ವಿಂಡ್‌ಚೀಟರನ್ನೇ ಬಳಸಬಹುದು. ಹಳೆಯ ಫ್ಲಾನೆಲ್ ಹೊದಿಕೆ ಮನೆಯಲ್ಲಿದ್ದರೆ ಅದನ್ನು ಕತ್ತರಿಸಿ ವಿಂಡ್‌ಚೀಟರಿನ ಒಳಗೆ ಲೈನಿಂಗ್ ಆಗಿ ಹೊಲಿಸಿದರೆ ಅದು ಚಳಿಗಾಲದ ಜರ್ಕಿನ್ ಆಗುತ್ತದೆ. ಲೈನಿಂಗನ್ನು ಪೂರ್ತಿ ಹೊಲಿದುಬಿಡದೆ ಗುಂಡಿ ಇಟ್ಟು ಕೂಡಿಸುವಂತೆ ದರ್ಜಿಗೆ ಹೇಳಬೇಕು, ಇಲ್ಲದಿದ್ದರೆ ಜೂನ್ ತಿಂಗಳಲ್ಲಿ ಮಳೆಗೆ ನೆನೆದ ಫ್ಲಾನೆಲ್ ವಾರವಾದರೂ ಒಣಗುವುದಿಲ್ಲ. ದಪ್ಪ ರಬ್ಬರಿನ ರೇನ್‌ಕೋಟನ್ನು ಮಾತ್ರ ಚಳಿಗೆಂದು ತೊಟ್ಟು ನಡೆಯಬಾರದು. ಬೆವರು ಹೊರಹೋಗದೆ ಒಳಗಿನ ಅಂಗಿ ಒದ್ದೆಯಾಗಿ, ರೇನ್‌ಕೋಟು ಬಿಚ್ಚಿದ ಕೂಡಲೆ ಮೊದಲಿಗಿಂತ ಹೆಚ್ಚು ನಡುಗುವಂತಾಗುತ್ತದೆ.

ಸೀರೆ ಉಡುವವರಿಗೆ ಈ ವಿಷಯದಲ್ಲಿ ಬರೆಯುವವರು ಸಾಮಾನ್ಯವಾಗಿ ಕೊಡುವ ಸಲಹೆ ಶಾಲು ಹೊದೆಯಿರಿ ಎಂಬುದೊಂದೇ. ಶಾಲು ಹೊದ್ದು ಎರಡು ಕೈಯ ಕೆಲಸ ಮಾಡಲಾಗುವುದಿಲ್ಲ ಎಂಬುದು ಅವರಿಗೆ ತಿಳಿದಂತಿಲ್ಲ. ನಿಜವಾದ ಬದಲಾವಣೆ ಸೀರೆಯ ಒಳಗೆ ಆಗಬೇಕು. ಲಂಗದ ಕೆಳಗೆ ಲೆಗ್ಗಿಂಗ್ಸ್ ತೊಟ್ಟರೆ ಕಾಲಿಗೆ ಬೀಸುವ ಗಾಳಿಯ ತೊಂದರೆ ನೀಗುತ್ತದೆ. ಹಳೆಯ ಎರಡು ಲಂಗಗಳನ್ನು ಒಂದರೊಳಗೊಂದು ಇಟ್ಟು ಒಂದೇ ಸೊಂಟಪಟ್ಟಿಗೆ ಹೊಲಿದರೆ ಲೆಗ್ಗಿಂಗ್ಸ್ ಒಗ್ಗದ ಹಿರಿಯರಿಗೂ ಅನುಕೂಲವಾಗುತ್ತದೆ. ಕೊಡವ ಹೆಂಗಸರು ಹಿಂದೆ ತುಂಬುತೋಳಿನ ಜಾಕೀಟು ತೊಟ್ಟು, ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿ, ಸೆರಗನ್ನು ಎದೆಯ ಮೇಲಿನಿಂದ ತಂದು ಬಲ ಭುಜದ ಮೇಲೆ ಬಿಗಿಯುತ್ತಿದ್ದ ಕ್ರಮದಲ್ಲಿ ಕೈ, ಎದೆ, ಬೆನ್ನು ಮೂರೂ ಮುಚ್ಚಿರುತ್ತಿದ್ದವು, ಕೈಗಳೂ ಬಿಡುವಾಗಿರುತ್ತಿದ್ದವು. ತಲೆಗೆ ಕಟ್ಟುತ್ತಿದ್ದ ವಸ್ತ್ರ ಕಿವಿಯನ್ನು ಕಾಯುತ್ತಿತ್ತು. ಈಗಿನ ಗಿಡ್ಡ ತೋಳಿನ ರವಿಕೆಗಳಿಗೆ ಹೊಸದಾಗಿ ತೋಳು ಕೂಡಿಸುವುದು ಕಷ್ಟ, ಬಣ್ಣವೂ ಹೊಂದುವುದಿಲ್ಲ. ಅದರ ಬದಲು ಕಪ್ಪು ಅಥವಾ ಕಂದು ಬಣ್ಣದ, ಮೈಗೊಪ್ಪುವ ತುಂಬುತೋಳಿನ ಟೀಶರ್ಟನ್ನೇ ರವಿಕೆಯ ಜಾಗದಲ್ಲಿ ತೊಟ್ಟರೆ ಹತ್ತಾರು ಸೀರೆಗಳಿಗೆ ಹೊಂದುತ್ತದೆ. ಮದುವೆ ಮನೆಗೆ ಇದು ಸರಿಹೋಗದೆಂದು ಅನಿಸಿದರೆ, ಪಿನ್ನು ಹಾಕುವ ಮೊದಲು ತೆಳುವಾದ ಶಾಲನ್ನು ಸೆರಗಿನ ಒಳಪದರವಾಗಿ ಜೋಡಿಸಿ ಎರಡನ್ನೂ ಒಟ್ಟಿಗೆ ಭುಜಕ್ಕೆ ಸಿಕ್ಕಿಸಬಹುದು. ಮನೆಯೊಳಗೆ ನೈಟಿಯ ಮೇಲೆ ಗಂಡನ ಹಳೆಯ ಸ್ವೆಟರು ತೊಡುವ ಪದ್ಧತಿಯನ್ನು ಯಾರೂ ಕಲಿಸಬೇಕಾಗಿಲ್ಲ.

ಮೊಣಕೈ ಹರಿದ, ಕೊರಳು ಸಡಿಲವಾದ ಸ್ವೆಟರುಗಳನ್ನು ಬಿಸಾಡುವ ಮುನ್ನ ಕತ್ತರಿ ಹಿಡಿಯಬಹುದು. ಕತ್ತರಿಸುವ ಗೆರೆಯ ಎರಡೂ ಬದಿ ಮೊದಲು ಮಿಷನ್ನಿನಲ್ಲಿ ಎರಡು ಸಾಲು ಹೊಲಿಗೆ ಹಾಕಿ, ಆಮೇಲೆ ನಡುವೆ ಕತ್ತರಿಸಬೇಕು. ಈ ಕ್ರಮ ತಪ್ಪಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ತೋಳು ತೆಗೆದ ಸ್ವೆಟರು ಅಂಗಿಯ ಒಳಗೆ ತೊಡುವ ಅರೆಸ್ವೆಟರಾಗುತ್ತದೆ, ತೆಗೆದ ತೋಳುಗಳು ಶಾಲೆಗೆ ಗಿಡ್ಡ ಚಡ್ಡಿ ಅಥವಾ ಲಂಗ ತೊಟ್ಟು ಹೋಗುವ ಮಕ್ಕಳ ಮೊಣಕಾಲಿಗೆ ಒದಗುತ್ತವೆ. ತಾಯಿ ಹೆಣೆದುಕೊಟ್ಟಿದ್ದ ಉಣ್ಣೆಯ ಸ್ವೆಟರೊಂದನ್ನು ನಾನು ಒಮ್ಮೆ ಬಿಸಿನೀರಿಗೆ ಹಾಕಿ ತಿಕ್ಕಿದಾಗ ಅದು ಐದು ವರ್ಷದ ಮಗುವಿನ ಅಳತೆಗೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಯಿತು. ದುಃಖ ಕಳೆದ ಮೇಲೆ ಗಮನಿಸಿದ್ದೇನೆಂದರೆ, ಹಾಗೆ ಕುಗ್ಗಿದ ಉಣ್ಣೆ ಕತ್ತರಿಸಿದರೂ ಎಳೆ ಬಿಡುವುದಿಲ್ಲ. ಅದರಿಂದ ಮಾಡಿದ ಗಮ್‌ಬೂಟಿನ ಒಳ ಅಟ್ಟೆ ಈಗಲೂ ಇದೆ.

ತೋಟದ ಕೆಲಸಕ್ಕೆ ಹೋಗುವವರ ಸಮಸ್ಯೆ ಚಳಿಗಿಂತ ಹೆಚ್ಚಾಗಿ ಮಂಜಿನದು. ಅರೇಬಿಕಾ ಕೊಯ್ಲು ನಡೆಯುವ ನವೆಂಬರ್‌ನಿಂದ ಜನವರಿಯವರೆಗಿನ ಬೆಳಗುಗಳಲ್ಲಿ ಗಿಡದ ಎಲೆಗಳಿಂದ ಸುರಿಯುವ ಹನಿಗಳು ಅರ್ಧ ಗಂಟೆಯಲ್ಲಿ ತೋಳು ಮತ್ತು ತೊಡೆಯನ್ನು ತೋಯಿಸುತ್ತವೆ. ಸ್ವೆಟರನ್ನು ಒಳಗೆ ತೊಟ್ಟು ಅದರ ಮೇಲೆ ದೊಡ್ಡ ಅಳತೆಯ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಂಡರೆ ರೆಂಬೆಗೆ ಸಿಕ್ಕಿ ಹೆಣಿಗೆ ಹರಿಯುವುದಿಲ್ಲ. ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮಂಜು ಆರಿದ ಮೇಲೆ ಬಿಚ್ಚಿ ಗಿಡಕ್ಕೆ ನೇತುಹಾಕಬಹುದು. ಗಮ್‌ಬೂಟಿನೊಳಗೆ ಬರಿಗಾಲಿಡಬಾರದು. ತೆಳುವಾದ ಹತ್ತಿಯ ಕಾಲುಚೀಲದ ಮೇಲೆ ಉಣ್ಣೆಯದನ್ನು ತೊಡಬೇಕು, ಆದರೆ ಬೂಟು ಬಿಗಿಯಾಗುವುದಾದರೆ ಒಂದೇ ಸಾಕು.

ಸ್ಕೂಟರಿನಲ್ಲಿ ಹೋಗುವವರು ಹಳೆಯ ವಿಂಡ್‌ಚೀಟರನ್ನು ಹಿಂದುಮುಂದಾಗಿ ತೊಟ್ಟರೆ ಜಿಪ್ಪಿನ ಸಂದಿಯಿಂದ ಎದೆಗೆ ನುಗ್ಗುವ ಗಾಳಿ ನಿಲ್ಲುತ್ತದೆ. ಹೆಲ್ಮೆಟ್ಟಿನೊಳಗೆ ದಪ್ಪ ಮಂಕಿ ಕ್ಯಾಪ್ ಬೇಡ, ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಹತ್ತಿಯ ಕರವಸ್ತ್ರ ಸಾಕು. ಮುಂಜಾನೆಯ ಬಸ್ಸಿನಲ್ಲಿ ಮಡಿಕೇರಿಯಿಂದ ಮೈಸೂರಿಗೆ ಇಳಿಯುವವರು ಕುಶಾಲನಗರ ದಾಟುತ್ತಿದ್ದಂತೆ ಒಂದು ಪದರ ಬಿಚ್ಚಬೇಕಾಗುವುದರಿಂದ, ತಲೆಯ ಮೇಲಿನಿಂದ ಎಳೆದು ತೆಗೆಯುವ ಸ್ವೆಟರಿಗಿಂತ ಗುಂಡಿಯ ಸ್ವೆಟರು ಲೇಸು.

ಮಕ್ಕಳ ಬಟ್ಟೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನುಸಿಗುಳಿಗೆ ಹಾಕಿಟ್ಟ ಸ್ವೆಟರು, ಟೋಪಿ, ಹೊದಿಕೆಗಳನ್ನು ನೇರವಾಗಿ ಎಳೆಯ ಮಕ್ಕಳಿಗೆ ಹಾಕಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು, ಮತ್ತು ಆ ಕೊರತೆ ಇರುವುದು ಅನೇಕ ಮನೆಗಳಲ್ಲಿ ಮೊದಲೇ ತಿಳಿದಿರುವುದಿಲ್ಲ. ಮಕ್ಕಳ ಬಟ್ಟೆಯ ಪೆಟ್ಟಿಗೆಗೆ ನುಸಿಗುಳಿಗೆಯನ್ನೇ ಹಾಕದೆ, ಒಣ ಬೇವಿನೆಲೆ, ಲವಂಗ ಮತ್ತು ತೋಟದ ಕರಿಮೆಣಸನ್ನು ತೆಳುಬಟ್ಟೆಯಲ್ಲಿ ಕಟ್ಟಿಡುವ ಹಳೆಯ ರೂಢಿಯೇ ಉತ್ತಮ. ಮಗುವಿಗೆ ಬಟ್ಟೆ ಹೆಚ್ಚಾಯಿತೇ ಎಂದು ನೋಡಲು ಕೈಕಾಲು ಮುಟ್ಟಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಬೇಕು.

ಉಣ್ಣೆಯನ್ನು ತಣ್ಣೀರಿನಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ನೊರೆಯಿಂದ ಅದ್ದಿ ತೆಗೆದು, ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ಒಣಗಿಸಬೇಕು. ತಂತಿಗೆ ನೇತುಹಾಕಿದರೆ ತೋಳು ಉದ್ದವಾಗುತ್ತದೆ. ಯಾವ ಬಟ್ಟೆಯಾದರೂ ಸಂಜೆ ನಾಲ್ಕರೊಳಗೆ ಒಳಗೆ ಬರಬೇಕು, ಅನಂತರ ಬೀಳುವ ಮಂಜು ದಿನವಿಡೀ ಒಣಗಿದ್ದನ್ನು ಮತ್ತೆ ತೇವ ಮಾಡುತ್ತದೆ. ಮಳೆಗಾಲದ ಅಭ್ಯಾಸದಂತೆ ಅಗ್ಗಿಷ್ಟಿಕೆಯ ಮೇಲೆ ಬಟ್ಟೆ ಹರಡುವವರು ಅಕ್ರಿಲಿಕ್ ಮತ್ತು ಪಾಲಿಸ್ಟರನ್ನು ಹತ್ತಿರ ತರಬಾರದು, ಅವು ಶಾಖಕ್ಕೆ ಕರಗುತ್ತವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗುವುದಂತೂ ಪ್ರಾಣಾಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಇಷ್ಟು ಮಾಡಿದ ಬಳಿಕವೂ ಕೊಳ್ಳಲೇಬೇಕಾದದ್ದು ಉಳಿದರೆ ಅದು ಬಹುಶಃ ಒಳ್ಳೆಯ ಕಾಲುಚೀಲ ಮತ್ತು ಕಿವಿ ಮುಚ್ಚುವ ಟೋಪಿ. ಕುಶಾಲನಗರದ ಆಚೆ, 1961ರಲ್ಲಿ ನೆಲೆಗೊಂಡ ಬೈಲುಕುಪ್ಪೆಯ ಟಿಬೆಟನ್ ಶಿಬಿರದ ಅಂಗಡಿಗಳಲ್ಲಿ ಇವೆರಡೂ ಸಿಗುತ್ತವೆ. ಅಲ್ಲಿಗೆ ಹೋಗುವಾಗ ಮನೆಯಲ್ಲಿ ಮಾಡಿದ ಮೂರು ರಾಶಿಗಳಲ್ಲಿ ಯಾವುದು ಚಿಕ್ಕದಾಗಿತ್ತು ಎಂದು ಬರೆದುಕೊಂಡು ಹೋಗುವುದು ಒಳ್ಳೆಯದು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಡುತ್ತದೆ ಎನ್ನುವರು. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬೇಗ ಬಿದ್ದರೆ ಗಾಳಿಯಲ್ಲಿ ಮತ್ತೆ ತೇವ ಏರುವುದರಿಂದ, ಉಣ್ಣೆಯ ಬಟ್ಟೆಗಳನ್ನು ಅದಕ್ಕೆ ಮೊದಲೇ ಒಗೆದು, ಎರಡು ದಿನ ಒಣಗಿಸಿ, ಬಿಸಿಲಿನ ಕಾವು ಆರಿದ ಮೇಲೆ ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕಲ್ಲ, ಮೇಲ್ಗಡೆ ಇಡಬೇಕು. ಜುಲೈ ತಿಂಗಳ ಒಂದು ಬಿಸಿಲು ಕಂಡ ದಿನ ಸುಲಭವಾಗಿ ತೆಗೆದು ಗಾಳಿಗೆ ಒಡ್ಡಲು ಆಗ ಅನುಕೂಲ.