'ಇನ್ನೊಂದಾಗತ್ತೆ ಬಿಡೇ' ಅಂದ್ಬಿಟ್ರಾ? ಸಾರಿ ಕೇಳೋದು ಹೀಗೆ

ನವೆಂಬರ್ ಕೊನೇಲಿ ಒಂದ್ ಸಂಜೆ ನನ್ನ ಹಾಸ್ಟೆಲ್ ಕಾಲದ ಗೆಳತಿ ಫೋನ್ ಮಾಡಿದ್ಳು. ನಾನು ಬಸ್‌ಸ್ಟಾಪಲ್ಲಿ, ಒಂದ್ ಕೈಲಿ ತರಕಾರಿ ಚೀಲ, ಬಸ್ ಬೇರೆ ಬರ್ತಿತ್ತು. 11ನೇ ವಾರದ ಸ್ಕ್ಯಾನಿಂಗಲ್ಲಿ ಹಾರ್ಟ್‌ಬೀಟ್ ಇರ್ಲಿಲ್ವಂತೆ, ಮಾರನೇ ದಿನ ಡಿ ಅಂಡ್ ಸಿ, ಅಂದ್ರೆ ಗರ್ಭಕೋಶ ಕ್ಲೀನ್ ಮಾಡೋದು, ಆಯ್ತಂತೆ. ಅದಕ್ಕೆ ನಾನಂದಿದ್ದು, "ಅಯ್ಯೋ ಬಿಡೇ, ಮೂರ್ ತಿಂಗ್ಳೂ ತುಂಬಿರ್ಲಿಲ್ಲ, ಇನ್ನೊಂದಾಗತ್ತೆ. ನೀನೂ ಸ್ವಲ್ಪ ಜಾಸ್ತಿನೇ ಓಡಾಡ್ದೆ ಅನ್ಸತ್ತೆ." ಅವಳು "ಹೂಂ ಸರಿ, ಬಸ್ ಹತ್ತು ನೀನು" ಅಂತ ಇಟ್ಬಿಟ್ಳು.

ಮೂರು ದಿನ ಅವಳ ಕಡೆಯಿಂದ ಒಂದ್ ಮೆಸೇಜೂ ಇಲ್ಲ. ರಾತ್ರಿ ಪಾತ್ರೆ ತೊಳೀತಾ ಇದ್ದಾಗ ನಾನ್ ಆಡಿದ್ ಮಾತು ನಂಗೇ ಕಿವೀಲಿ ಕೇಳ್ಸಿ ಕೈ ಹಂಗೇ ನಿಂತೋಯ್ತು. ತಕ್ಷಣ ಸಾರಿ ಕೇಳೋಕ್ ಹೋಗಿ ಇನ್ನೊಂದ್ಸಲ ಎಡವಿದೆ, ಅದನ್ನೂ ಸೇರಿಸ್ಕೊಂಡೇ ಬರೀತಿದೀನಿ.

ಮೊದಲು, ಚುಚ್ಚಿದ ಮಾತು ಯಾವ್ದು ಅಂತ ಹುಡುಕಿ

ಸುಮ್ನೆ "ಏನೋ ಅಂದ್ಬಿಟ್ಟೆ" ಅಂತ ಒಟ್ಟಾಗಿ ಮುಚ್ಚಾಕ್ಬೇಡಿ. ನಾನು ದಿನಸಿ ಚೀಟಿ ಹಿಂದೆ ನನ್ನ ಮಾತುಗಳನ್ನೇ ಬರ್ಕೊಂಡೆ. "ಇನ್ನೊಂದಾಗತ್ತೆ": ಅವಳು ಅಳ್ತಿದ್ದಿದ್ದು ಈ ಪಾಪುಗೆ, ಇನ್ನೊಂದಕ್ಕಲ್ಲ. "ಮೂರ್ ತಿಂಗ್ಳೂ ತುಂಬಿರ್ಲಿಲ್ಲ": ಅವಳ ಲೆಕ್ಕದಲ್ಲಿ ಅದು ಜೂನಲ್ಲಿ ಹುಟ್ಬೇಕಿದ್ದ ಪಾಪು, ಎಷ್ಟ್ ವಾರ ಅನ್ನೋ ಲೆಕ್ಕ ನಮ್ದು. ಆದ್ರೆ ವಿಷ ಇದ್ದಿದ್ದು "ಓಡಾಡ್ದೆ" ಅನ್ನೋದ್ರಲ್ಲಿ. ಗರ್ಭ ನಿಂತಿದೆ ಅಂತ ಗೊತ್ತಾದ್ಮೇಲೂ 100ರಲ್ಲಿ ಸುಮಾರು 10ರಿಂದ 20 ಹೋಗ್ಬಿಡತ್ತೆ, ಹೆಚ್ಚಿನವು ಮೊದಲ 12 ವಾರದೊಳಗೇ, ಅದ್ರಲ್ಲಿ ಹತ್ರಹತ್ರ ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮಲ್ಲಿ ಆಗಿರೋ ಏರುಪೇರು. ದಿನಾ ಓಡಾಡೋದು, ಮೆಟ್ಲು ಹತ್ತೋದು, ಆಫೀಸ್ ಕೆಲ್ಸ, ಇವೆಲ್ಲ ಕಾರಣ ಅಲ್ಲ. ಡಾಕ್ಟರ್ ಅವಳಿಗೆ ಇದನ್ನ ಹೇಳಿರ್ತಾರೆ. ಆದ್ರೂ ಮನೆಗ್ ಬಂದೋರೆಲ್ಲ ಪರಂಗಿ ಹಣ್ಣು ತಿಂದ್ಯಾ, ಸ್ಕೂಟರ್ ಓಡಿಸ್ದ್ಯಾ, ಭಾರ ಎತ್ತಿದ್ಯಾ ಅಂತ ಕೇಳ್ತಾನೇ ಇರ್ತಾರಲ್ಲ, ಆ ಸಾಲಿನ ಕೊನೇಲಿ ನಾನೂ ಹೋಗಿ ನಿಂತಿದ್ದೆ.

ಆಮೇಲೆ ಮೆಸೇಜ್, ಫೋನ್ ಅಲ್ಲ

ಫೋನ್ ರಿಂಗ್ ಆದ್ರೆ ಎತ್ಬೇಕು, ಎತ್ತಿದ್ರೆ "ಪರ್ವಾಗಿಲ್ಲ ಬಿಡೇ" ಅನ್ಬೇಕು, ಅಂದ್ರೆ ನಮ್ ತಪ್ಪಿಗೆ ನಮ್ಮನ್ನ ಸಮಾಧಾನ ಮಾಡೋ ಕೆಲ್ಸಾನೂ ಅವಳ್ದೇ ಆಗತ್ತೆ. ಮೆಸೇಜ್ ಆದ್ರೆ ಅವಳಿಗ್ ಬೇಕಾದಾಗ ಓದ್ತಾಳೆ. ಫ್ರೆಂಡ್ಸ್ ಗ್ರೂಪಲ್ಲಂತೂ ಬೇಡವೇ ಬೇಡ.

ನಾನ್ ಮೊದಲು ಕಳ್ಸಿದ್ದು ಹೀಗಿತ್ತು: "ಬೇಜಾರಾಯ್ತಾ? ನಾನ್ ಒಳ್ಳೇದಕ್ಕೇ ಹೇಳಿದ್ದು ಕಣೆ, ಬೇಜಾರ್ ಮಾಡ್ಕೋಬೇಡ." ಜೊತೆಗೆ ಕೈ ಮುಗಿಯೋ ಇಮೋಜಿ. ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ. ಯಾಕ್ ಬರತ್ತೆ? ನಾವು ದಿನಾ ಎಷ್ಟ್ ಸಲೀಸಾಗಿ ಆಡ್ತೀವಿ ಈ "ಬೇಜಾರ್ ಮಾಡ್ಕೋಬೇಡ"ನ, ನೋಡಿದ್ರೆ ಅದ್ರಲ್ಲಿ ಬೇಜಾರ್ ಮಾಡ್ಕೊಂಡೋಳೇ ಅವಳು, ಬಿಡ್ಬೇಕಾದೋಳೂ ಅವಳೇ, ನನ್ ಪಾತ್ರನೇ ಇಲ್ಲ. "ತಪ್ಪಾಯ್ತು" ಅನ್ನೋದೂ ಸ್ವಲ್ಪ ಹಂಗೇ, ತಾನಾಗೇ ಆದಂಗೆ. "ನಾನ್ ಹಾಗ್ ಅನ್ಬಾರ್ದಿತ್ತು" ಅಂತ ಬರ್ದು ನೋಡಿ, ಕೈ ತಡೆಯತ್ತೆ, ಅದೇ ಸರಿಯಾದ್ ವಾಕ್ಯ.

12ನೇ ದಿನ ಕಳ್ಸಿದ್ದು ಇದು: "ಅವತ್ತು ನೀನ್ ಜಾಸ್ತಿ ಓಡಾಡ್ದೆ ಅಂದೆ. ಹಾಗ್ ಅನ್ಬಾರ್ದಿತ್ತು, ಅದು ಸುಳ್ಳು ಕೂಡ. ನಿನ್ ಕಡೆಯಿಂದ ಏನೂ ತಪ್ಪಾಗಿಲ್ಲ. ಇನ್ನೊಂದಾಗತ್ತೆ ಅಂದಿದ್ದಕ್ಕೂ ಸಾರಿ ಕಣೇ, ನೀನ್ ಕಳ್ಕೊಂಡಿದ್ದು ಈ ಪಾಪುನ. ರಿಪ್ಲೈ ಮಾಡ್ಲೇಬೇಕು ಅಂತೇನಿಲ್ಲ." ಇಷ್ಟೇ. ಬಸ್ ಬರ್ತಿತ್ತು, ತಲೆ ಓಡ್ಲಿಲ್ಲ ಅಂತೆಲ್ಲ ಬರ್ದಿದ್ದನ್ನ ಅಳಿಸ್ದೆ. ನಮ್ ಚಿಕ್ಕಮ್ಮಂಗೂ ಹಿಂಗೇ ಆಗಿತ್ತು ಅನ್ನೋ ಕತೇನೂ ಅಳಿಸ್ದೆ.

ಪದದ್ ವಿಷ್ಯ ಒಂದಿದೆ. ಅವಳು ಪಾಪು ಅಂದಿದ್ಳು, ಹಾಗಾಗಿ ನಾನೂ ಪಾಪು ಅಂದೆ. ಕೆಲವ್ರಿಗೆ ಆ ಪದ ಕೇಳೋಕಾಗಲ್ಲ, ಅಬಾರ್ಷನ್ ಆಯ್ತು ಅಂತಷ್ಟೇ ಅಂತಾರೆ. ಅವ್ರು ಯಾವ್ದು ಹಿಡೀತಾರೋ ನೀವೂ ಅದನ್ನೇ ಹಿಡೀರಿ.

ಮೂರ್ ದಿನ ಆದ್ಮೇಲೆ "ಹೂಂ, ನೋಡ್ದೆ" ಅಂತ ಬಂತು. ಅಲ್ಲಿಗೆ ನಾನ್ ಸುಮ್ನಾದೆ. ಈ ಜಾಗದಲ್ಲೇ ಎಲ್ರೂ ಕೆಡಿಸೋದು, ಇನ್ನೂ ಕೋಪಾನಾ ಅಂತ ಕೆದಕೋದು, ಇಲ್ಲಾ ಮಧ್ಯೆ ಇನ್ನೊಬ್ಬಳ್ನ ರಾಯಭಾರಕ್ಕೆ ಕಳ್ಸೋದು.

ಎದುರಿಗ್ ಸಿಕ್ಕಾಗ

ಜನವರೀಲಿ ಅವಳೇ ಕರೆದ್ಳು, ಊರಿಂದ ಅವರೆಕಾಯಿ ಬಂದಿದೆ, ಹಿತುಕೋಕ್ ಬಾ ಅಂತ. ರಾತ್ರಿ ನೆನೆಸಿಟ್ಟ ಕಾಳು ಒಂದ್ ಬೇಸಿನ್ ತುಂಬಾ ಇತ್ತು, ಮಧ್ಯೆ ಒಂದ್ ತಟ್ಟೆ. ಕೈಗೆ ಕೆಲ್ಸ ಇದ್ದಾಗ ಮುಖ ಮುಖ ನೋಡ್ಕೊಂಡ್ ಕೂರೋ ಕಷ್ಟ ಇರಲ್ಲ, ಕಾಳು ಪಚಕ್ ಅಂತ ಸಿಪ್ಪೆಯಿಂದ ಜಾರಿ ತಟ್ಟೆಗ್ ಬೀಳ್ತಿತ್ತು, ಅವಳು ಹೇಳ್ತಾ ಹೋದ್ಳು. ಸ್ಕ್ಯಾನಿಂಗ್ ರೂಮಲ್ಲಿ ಡಾಕ್ಟರ್ ಸುಮ್ನೆ ಸ್ಕ್ರೀನ್‌ನ ಆ ಕಡೆ ತಿರುಗಿಸ್ಕೊಂಡ್ರಂತೆ, ಅವಾಗ್ಲೇ ಗೊತ್ತಾಯ್ತಂತೆ. ನಾನು "ಆಮೇಲೆ?" ಅಂದಿದ್ ಬಿಟ್ರೆ ಬೇರೇನೂ ಅನ್ಲಿಲ್ಲ. ನಡುವೆ ಅವಳೇ ಕೇಳಿದ್ಳು, "ಸ್ಕ್ಯಾನಿಂಗ್‌ಗೆ ಹಿಂದಿನ್ ವಾರ ಲಿಫ್ಟ್ ಕೆಟ್ಟಿತ್ತು ಕಣೇ, ಎರಡು ಮಹಡಿ ಹತ್ತಿದ್ದೆ, ಅದಕ್ಕೇನಾದ್ರೂ..." ನಾನು "ಇಲ್ಲ ಕಣೇ, ಅದಕ್ಕಲ್ಲ" ಅಂದೆ. ಸಾರಿ ಅಂತ ಮತ್ತೆ ಹೇಳ್ಲಿಲ್ಲ, ನಂಗನ್ಸೋದು ನಿಜವಾದ್ ಸಾರಿ ಅವತ್ತೇ ಕೇಳಿದ್ದು ಅಂತ.

ಮುಂದಕ್ಕೂ ಕೆಲ್ಸ ಇರತ್ತೆ. ನಮ್ ಬ್ಯಾಚಿನ ಇನ್ನೊಬ್ಬಳ ಸೀಮಂತ ಬಂತು, ಗ್ರೂಪಲ್ಲಿ ಕಾರ್ಡ್ ಬೀಳೋ ಮುಂಚೆ ನಾನೇ ಅವಳಿಗೆ ಹೇಳ್ದೆ, "ಬರ್ಲೇಬೇಕು ಅಂತಿಲ್ಲ, ಯಾರಾದ್ರೂ ಕೇಳಿದ್ರೆ ನಾನ್ ನೋಡ್ಕೋತೀನಿ." ರಜೆ ವಿಷ್ಯ ಎತ್ತಿದ್ದೂ ಅವಳಾಗೇ ಕೇಳಿದ್ಮೇಲೆ, ತುಂಬಾ ತಡವಾಗಿ. ಗರ್ಭಪಾತ ಆದ್ರೆ 6 ವಾರ ಸಂಬಳ ಸಮೇತ ರಜೆ ಕೊಡ್ಬೇಕು ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೇಲೇ ಇತ್ತು, ಆಸ್ಪತ್ರೆ ಕಾಗದ ತೋರಿಸ್ಬೇಕು ಅಷ್ಟೇ, ಅವಳು ಪಾಪ ನಾಲ್ಕೇ ದಿನಕ್ಕೆ ಕೆಲ್ಸಕ್ಕೋಗಿದ್ಳು. ವಾರಗಟ್ಲೆ ನಿದ್ದೆ ಇಲ್ಲ, ಊಟ ಇಲ್ಲ ಅನ್ನೋ ಹಂಗಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬೋದು. ಇವೆಲ್ಲ ಸಾರಿ ಜೊತೆ ಒಂದೇ ಉಸಿರಲ್ಲಿ ಬೇಡ, ಉಪದೇಶದ್ ಥರ ಕೇಳ್ಸತ್ತೆ.

ಅಡುಗೆಮನೆ ಕ್ಯಾಲೆಂಡರಲ್ಲಿ ಜೂನ್ ಹಾಳೆ ಮೇಲೆ ಪೆನ್ಸಿಲಲ್ಲಿ ಸಣ್ ಚುಕ್ಕೆ ಇಟ್ಟಿದೀನಿ, ಅವಳಿಗೆ ಡಾಕ್ಟರ್ ಕೊಟ್ಟಿದ್ದ ತಾರೀಖು ಅದು. ಅವತ್ತು ಏನ್ ಹೇಳ್ಬೇಕು ಅಂತ ಇನ್ನೂ ಗೊತ್ತಿಲ್ಲ. ಫೋನ್ ಮಾತ್ರ ಬಸ್‌ಸ್ಟಾಪಿಂದ ಮಾಡಲ್ಲ.