ಆಸ್ಪತ್ರೆ ಡಯಟ್ ಸೆಕ್ಷನ್ ನಡೆಸೋದು ಹೇಗೆ: ವಾಪಸ್ ಬಂದ ತಟ್ಟೆಯಿಂದ ಶುರು ಮಾಡಿ

100-150 ಬೆಡ್ ಇರೋ ಆಸ್ಪತ್ರೆಗೆ ಹೊಸದಾಗಿ ಡಯಟಿಷಿಯನ್ ಆಗಿ ಸೇರಿರೋರಿಗೆ, ಇಲ್ಲಾ ಇದ್ದಕ್ಕಿದ್ದಂಗೆ ಡಯಟ್ ಸೆಕ್ಷನ್ನೂ ನೀವೇ ನೋಡ್ಕೊಳ್ಳಿ ಅಂತ ಹೇಳಿಸ್ಕೊಂಡಿರೋ ನರ್ಸಿಂಗ್ ಇನ್‌ಚಾರ್ಜ್‌ಗಳಿಗೆ ಇದನ್ನ ಬರೀತಿದೀನಿ. ಮೊದಲ ತಿಂಗಳು ಎಲ್ರೂ ಮಾಡೋದು ಒಂದೇ, ಏಳು ದಿನದ ಮೆನು ಚಾರ್ಟ್ ಮಾಡಿ ಕ್ಯಾಲೊರಿ ಲೆಕ್ಕ ಹಾಕಿ ಲ್ಯಾಮಿನೇಷನ್ ಮಾಡ್ಸಿ ಕಿಚನ್ ಗೋಡೆಗೆ ಅಂಟಿಸೋದು. ಅದೂ ಬೇಕು, ಆದ್ರೆ ಆಮೇಲೆ ಮಾಡಿ. ಮೊದಲ ವಾರ ಮಧ್ಯಾಹ್ನ ಎರಡು ಗಂಟೆಗೆ ಎಂಜಲು ತಟ್ಟೆ ವಾಪಸ್ ಬರೋ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ, ಯಾವ ಬೆಡ್ಡಿನವ್ರು ಎಷ್ಟು ತಿಂದಿದಾರೆ ಅಂತ ಬರ್ಕೊಳ್ಳಿ, ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಮುಟ್ಟೇ ಇಲ್ಲ, ಅಷ್ಟು ಸಾಕು.

ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೇಲಿ ಮೆಡಿಕಲ್ ವಾರ್ಡಲ್ಲಿ ಒಬ್ಬ ಅಜ್ಜ ಇದ್ರು, ಶುಗರ್ ಇದ್ದಿದ್ದಕ್ಕೆ ಡಯಟ್ ಶೀಟಲ್ಲಿ ಡಯಾಬಿಟಿಕ್ ಡಯಟ್ ಅಂತ ಬರ್ದು ದಿನಾ ರಾತ್ರಿ ಎರಡು ಚಪಾತಿ ಕಳಿಸ್ತಿದ್ವಿ. ನನ್ನ ರಿಜಿಸ್ಟರಲ್ಲಿ ಎಲ್ಲಾ ಸರಿಯಾಗೇ ಇತ್ತು. ಐದನೇ ದಿನ ತಟ್ಟೆ ನೋಡಿದ್ರೆ ಚಪಾತಿಯ ಅಂಚನ್ನ ಸಾರಲ್ಲಿ ನೆನೆಸಿ ಚೀಪಿ ಹಾಗೇ ಬಿಟ್ಟಿದಾರೆ. ಹೋಗಿ ಕೇಳಿದ್ರೆ ಹಲ್ಲಿನ ಸೆಟ್ಟು ಮನೇಲೇ ಮರೆತು ಬಂದಿದಾರಂತೆ, "ಹೇಳೋಕೆ ನಾಚಿಕೆ ಆಯ್ತು ತಾಯಿ" ಅಂದ್ರು. ಐದು ದಿನ ಆ ಮನುಷ್ಯ ರಾತ್ರಿ ಊಟಾನೇ ಸರಿಯಾಗಿ ಮಾಡಿಲ್ಲ, ನಮ್ಮ ಲೆಕ್ಕದಲ್ಲಿ ಮಾತ್ರ ಮಾಡಿದಾರೆ. ಅವತ್ತಿಂದ ನಾನು ಕಳಿಸಿದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಹೊಟ್ಟೆಗೆ ಹೋಗಿದ್ದನ್ನ ಮಾತ್ರ ತಗೊಳ್ತೀನಿ.

ಎರಡನೇ ಕೆಲಸ ಸ್ಕ್ರೀನಿಂಗ್, ಅಂದ್ರೆ ಯಾರಿಗೆ ಅಪೌಷ್ಟಿಕತೆಯ ಅಪಾಯ ಇದೆ ಅಂತ ಪತ್ತೆ ಹಚ್ಚೋದು. ಅಡ್ಮಿಟ್ ಆದ 24 ಗಂಟೆ ಒಳಗೆ ಪ್ರತಿ ಪೇಷಂಟ್‌ಗೂ ಆಗ್ಬೇಕು, ಅದನ್ನ ವಾರ್ಡಿನ ಸಿಸ್ಟರ್ ಮಾಡ್ಬೇಕು, ನೀವೊಬ್ರೇ 120 ಜನರನ್ನ ನೋಡ್ತೀನಿ ಅಂತ ಹೊರಟ್ರೆ ಆಗಲ್ಲ. 'ಮಸ್ಟ್' ಅನ್ನೋ ಸ್ಕ್ರೀನಿಂಗ್ ಸುಲಭ. ಬಿಎಂಐ (ಎತ್ತರಕ್ಕೆ ತಕ್ಕಷ್ಟು ತೂಕ ಇದ್ಯಾ ಅನ್ನೋ ಅಳತೆ) 18.5ರಿಂದ 20 ಇದ್ರೆ 1 ಪಾಯಿಂಟ್, 18.5ಕ್ಕಿಂತ ಕಮ್ಮಿ ಇದ್ರೆ 2. ಹಿಂದಿನ ಮೂರರಿಂದ ಆರು ತಿಂಗಳಲ್ಲಿ ಬೇಕಂತ ಇಳಿಸದೇನೇ ತೂಕ ಶೇಕಡ 5ರಿಂದ 10 ಇಳಿದಿದ್ರೆ 1, ಅದಕ್ಕಿಂತ ಜಾಸ್ತಿ ಇಳಿದಿದ್ರೆ 2. ಕಾಯಿಲೆ ಜೋರಾಗಿದ್ದು ಐದು ದಿನಕ್ಕಿಂತ ಜಾಸ್ತಿ ಊಟಾನೇ ಇಲ್ಲ, ಅಥವಾ ಇನ್ಮುಂದೆ ಅಷ್ಟು ದಿನ ಇರಲ್ಲ ಅಂದ್ರೆ ಇನ್ನೂ 2. ಕೂಡಿಸಿ 2 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ನಿಮಗೆ ಫೋನ್ ಬರ್ಬೇಕು. ಏಳೋಕಾಗದ ಪೇಷಂಟ್ ಆದ್ರೆ ಟೇಪಲ್ಲಿ ತೋಳಿನ ಮಧ್ಯದ ಸುತ್ತಳತೆ ತಗೊಳ್ಳಿ, 23.5 ಸೆಂಟಿಮೀಟರಿಗಿಂತ ಕಮ್ಮಿ ಇದ್ರೆ ಬಿಎಂಐ 20ರ ಕೆಳಗಿರೋ ಸಾಧ್ಯತೆ ಜಾಸ್ತಿ. ಇನ್ನು ತೂಕ ಎಷ್ಟು ಇಳಿದಿದೆ ಅಂದ್ರೆ ನಮ್ಮ ಜನಕ್ಕೆ ಕೆಜಿ ಲೆಕ್ಕದಲ್ಲಿ ಹೇಳೋಕ್ ಬರಲ್ಲ, ಹಂಗಾಗಿ ಬಳೆ ಸಡಿಲ ಆಗಿದ್ಯಾ, ರವಿಕೆ ಹಿಡಿಸ್ಬೇಕಾಯ್ತಾ, ಬೆಲ್ಟಿಗೆ ಹೊಸ ತೂತು ಹೊಡ್ಸಿದ್ರಾ ಅಂತ ಕೇಳಿ, ತಕ್ಷಣ ಉತ್ತರ ಬರತ್ತೆ. ಕಾಲು ಊದಿಕೊಂಡಿರೋರ ತೂಕ ಮಾತ್ರ ನಂಬ್ಬೇಡಿ. ಆಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನ್) ಕಮ್ಮಿ ಇದೆ, ಪ್ರೋಟೀನ್ ಪೌಡರ್ ಕೊಡಿ ಅಂತ ಕಾಲ್ ಬರ್ತಾನೇ ಇರತ್ತೆ, ಆದ್ರೆ ಮೈಯಲ್ಲಿ ಸೋಂಕು ಉರಿಯೂತ ಇದ್ರೂ ಆಲ್ಬುಮಿನ್ ಇಳಿಯತ್ತೆ, ಆ ಒಂದು ನಂಬರ್ ನೋಡ್ಕೊಂಡು ಪೋಷಣೆ ಹೇಗಿದೆ ಅಂತ ತೀರ್ಮಾನ ಮಾಡೋಕಾಗಲ್ಲ.

ಈಗ ಗಂಜಿ ವಿಷಯ. ಇದರ ಬಗ್ಗೆ ನನಗೆ ನಿಜವಾಗ್ಲೂ ಸಂಕಟ ಇದೆ. ಆಪರೇಷನ್ ಆದವ್ರು, ಜ್ವರದವ್ರು, ವಯಸ್ಸಾದವ್ರು, ಎಲ್ರಿಗೂ ಲಿಕ್ವಿಡ್ ಡಯಟ್ ಅಂದ್ರೆ ತೆಳ್ಳಗಿನ ಅಕ್ಕಿ ಗಂಜಿ. ಲೆಕ್ಕ ಹಾಕಿ ನೋಡಿ, 200 ಎಂಎಲ್ ಗ್ಲಾಸಲ್ಲಿ ಇರೋ ಅಕ್ಕಿ ಹೆಚ್ಚಂದ್ರೆ 20 ಗ್ರಾಂ, ಅಂದ್ರೆ 70 ಕ್ಯಾಲೊರಿ, ಒಂದೂವರೆ ಗ್ರಾಂ ಪ್ರೋಟೀನ್. ದಿನಕ್ಕೆ ಆರು ಗ್ಲಾಸ್ ಪೂರ್ತಿ ಕುಡಿದ್ರೂ 420 ಕ್ಯಾಲೊರಿ, 10 ಗ್ರಾಂ ಪ್ರೋಟೀನ್ ದಾಟಲ್ಲ. 55 ಕೆಜಿ ಇರೋ ಪೇಷಂಟ್‌ಗೆ ಕೆಜಿಗೆ 25-30 ಕ್ಯಾಲೊರಿ, 1.2 ಗ್ರಾಂ ಪ್ರೋಟೀನ್ ಅಂತ ಹಿಡಿದ್ರೂ 1400-1650 ಕ್ಯಾಲೊರಿ, 66 ಗ್ರಾಂ ಪ್ರೋಟೀನ್ ಬೇಕು. ಗಾಯ ಮಾಗೋದು ಹೇಗೆ? ಗಂಜಿ ಬಿಡಿಸೋಕೆ ಹೋಗ್ಬೇಡಿ, ಜನ ಅದನ್ನ ನಂಬ್ತಾರೆ, ನುಂಗೋಕೂ ಸುಲಭ. ಅದನ್ನೇ ಗಟ್ಟಿ ಮಾಡಿ. ಹೆಸರುಬೇಳೆ ಹಾಕಿ ಬೇಯಿಸಿ ರುಬ್ಬಿಸಿ, ಹುರಿಗಡಲೆ ಪುಡಿ ಇಲ್ಲಾ ಕಡಲೇಕಾಯಿ ಪುಡಿ ಎರಡು ಚಮಚ, ಹಾಲಿನ ಪುಡಿ ಒಂದು ಚಮಚ, ಮೇಲೆ ಒಂದು ಚಮಚ ತುಪ್ಪ. ರಾಗಿಯಾದ್ರೆ ಮೊಳಕೆ ಕಟ್ಟಿ ಹುರಿದ ಹಿಟ್ಟು ತರಿಸಿ, ಮೊಳಕೆ ಕಟ್ಟಿದ ಹಿಟ್ಟಿನ ಗಂಜಿ ಬೇಗ ಗಟ್ಟಿ ಆಗಲ್ಲ, ಹಂಗಾಗಿ ಅದೇ ಗ್ಲಾಸಲ್ಲಿ ಜಾಸ್ತಿ ಹಿಟ್ಟು ಹಿಡಿಯತ್ತೆ. ಕಿಡ್ನಿ, ಶುಗರ್, ಹಾಲು ಆಗದವ್ರಿಗೆ ಇದನ್ನ ಬದಲಾಯಿಸ್ಬೇಕು, ಎಲ್ರಿಗೂ ಒಂದೇ ಪಾತ್ರೆ ಅಂತ ಮಾಡ್ಬೇಡಿ.

ಇದರ ಜೊತೆಗೇ ಬರೋದು ನಂಜು. ಹೊಲಿಗೆ ಹಾಕಿದ್ರೆ ಬದನೆಕಾಯಿ ನಂಜು, ಮೊಸರು ತಿಂದ್ರೆ ಕೀವಾಗತ್ತೆ, ಬಾಣಂತಿಗೆ ಸೊಪ್ಪು ಕೊಡ್ಬಾರ್ದು, ನೀರೂ ಜಾಸ್ತಿ ಕುಡೀಬಾರ್ದು. ಅತ್ತೆ ಪಕ್ಕದಲ್ಲೇ ಕೂತಿರೋವಾಗ ಸೊಸೆಗೆ ನೀವು ಪಾಠ ಮಾಡಿದ್ರೆ ತಟ್ಟೆ ಹಾಗೇ ವಾಪಸ್ ಬರತ್ತೆ. ನಾನು ಅತ್ತೆ ಹತ್ರಾನೇ ಮಾತಾಡ್ತೀನಿ, "ಅಮ್ಮಾ ನಿಮ್ಮ ಕಡೆ ಬಾಣಂತಿಗೆ ಏನೇನ್ ಕೊಡ್ತೀರ" ಅಂತ. ಅವ್ರೇ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪ ಅಂತಾರೆ, ನಾನು ಅದಕ್ಕೆ ತೊಗರಿಬೇಳೆ, ಹಾಲು, ಮೊಟ್ಟೆ ಸೇರಿಸ್ತೀನಿ. ಬದನೆಕಾಯಿ ಬಿಟ್ರೆ ಏನೂ ನಷ್ಟ ಇಲ್ಲ ಬಿಡಿ, ಬೇಳೆ ಬಿಟ್ರೆ ಮತ್ತು ನೀರು ಬಿಟ್ರೆ ನಷ್ಟ, ಜಗಳ ಆಡೋದಾದ್ರೆ ಅದಕ್ಕೆ ಆಡಿ.

ಎನ್‌ಪಿಒ, ಅಂದ್ರೆ ಬಾಯಿಂದ ಏನೂ ಕೊಡ್ಬಾರ್ದು ಅನ್ನೋ ಬೋರ್ಡ್ ಇರೋ ಬೆಡ್‌ಗಳನ್ನ ದಿನಕ್ಕೆ ಎರಡು ಸಲ ನೋಡಿ. ರಾತ್ರಿ ಹನ್ನೆರಡರಿಂದ ಏನೂ ಕೊಡ್ಬೇಡಿ ಅಂತ ಬರೆದಿರ್ತಾರೆ, ಬೆಳಿಗ್ಗೆ ಕೇಸ್ ಮಧ್ಯಾಹ್ನಕ್ಕೆ ಹೋಗತ್ತೆ, ಮಧ್ಯಾಹ್ನ ಕ್ಯಾನ್ಸಲ್ ಆಗತ್ತೆ, ಬೋರ್ಡ್ ತೆಗೆಯೋದು ಯಾರಿಗೂ ನೆನಪಿರಲ್ಲ, ಅಷ್ಟೊತ್ತಿಗೆ ಕಿಚನ್ ಮುಚ್ಚಿರತ್ತೆ, ಮಾರನೇ ದಿನ ಮತ್ತೆ ಅದೇ ಕಥೆ. ಬೇರೆ ತೊಂದರೆ ಇಲ್ಲದ ಪೇಷಂಟ್‌ಗೆ ಅನಸ್ತೇಶಿಯಾಗೆ ಆರು ಗಂಟೆ ಮುಂಚೆವರೆಗೂ ಲಘು ಆಹಾರ, ಎರಡು ಗಂಟೆ ಮುಂಚೆವರೆಗೂ ನೀರಿನಂಥ ತಿಳಿ ದ್ರವ ಕೊಡಬಹುದು ಅಂತ ಅನಸ್ತೇಶಿಯಾದವ್ರ ಗೈಡ್‌ಲೈನೇ ಹೇಳತ್ತೆ. ನಿಮ್ಮ ಅನಸ್ತೇಶಿಯಾ ಡಾಕ್ಟ್ರ ಜೊತೆ ಕೂತು ಒಂದು ಪುಟದ ನಿಯಮ ಮಾಡಿಸ್ಕೊಳ್ಳಿ, ಬೋರ್ಡ್ ಮೇಲೆ ಯಾವಾಗಿಂದ, ಯಾಕೆ, ಮತ್ತೆ ಯಾವಾಗ ಕೇಳ್ಬೇಕು ಅಂತ ಮೂರು ಸಾಲು ಇರ್ಲಿ. ರಾತ್ರಿಗೆ ಬ್ರೆಡ್ಡು, ಹಾಲು, ಬಾಳೆಹಣ್ಣು ವಾರ್ಡ್ ಫ್ರಿಜ್ಜಲ್ಲಿ ಇಟ್ಟಿರಿ.

ಟ್ರಾಲಿ ಟೈಮು ಮತ್ತು ಇನ್ಸುಲಿನ್ ಟೈಮು ಒಂದೇ ಹಾಳೇಲಿ ಇರ್ಬೇಕು. ಒಂದ್ಸಲ ಲಿಫ್ಟ್ ಕೆಟ್ಟು ತಿಂಡಿ ಟ್ರಾಲಿ ಒಂದು ಗಂಟೆ ಲೇಟಾಯ್ತು, ಸಿಸ್ಟರ್ ಮಾಮೂಲಿ ಟೈಮಿಗೆ ಇನ್ಸುಲಿನ್ ಹಾಕಿಬಿಟ್ಟಿದ್ರು, ನಾನು ಮೇಲೆ ಹೋಗೋ ಹೊತ್ತಿಗೆ ಒಬ್ರು ಅಜ್ಜಿ ಸೀರೆ ಒದ್ದೆ ಆಗೋಷ್ಟು ಬೆವತು ಯಾರ್ಯಾರದೋ ಹೆಸರು ಕರೀತಿದ್ರು, ಶುಗರ್ 48ಕ್ಕೆ ಇಳಿದುಹೋಗಿತ್ತು. ಆವತ್ತಿನ ಮಧ್ಯಾಹ್ನದಿಂದ ನಮ್ಮಲ್ಲಿ ತಟ್ಟೆ ಬೆಡ್ ಹತ್ರ ಬಂದ್ಮೇಲೇ ಊಟದ ಇನ್ಸುಲಿನ್. ಟ್ರಾಲಿ ಹೊರಡೋ ಮುಂಚೆ ಕಿಚನ್ನಿಂದ ವಾರ್ಡಿಗೆ ಒಂದು ಫೋನು, ಅಷ್ಟೇ ಖರ್ಚು.

ಟ್ಯೂಬ್ ಫೀಡಿಂಗಲ್ಲೂ, ಅಂದ್ರೆ ನಳಿಕೆಯಿಂದ ಹೊಟ್ಟೆಗೆ ದ್ರವ ಆಹಾರ ಕೊಡೋವಾಗ್ಲೂ, ಅದೇ ತಟ್ಟೆ ಲೆಕ್ಕ. 1500 ಎಂಎಲ್ ಆರ್ಡರ್ ಇರತ್ತೆ, ಇನ್‌ಟೇಕ್ ಚಾರ್ಟ್ ತೆಗೆದು ಕೂಡಿಸಿದ್ರೆ ಸ್ಕ್ಯಾನಿಗೆ ಹೋದಾಗ ಒಂದು ಫೀಡ್, ಫಿಸಿಯೋಥೆರಪಿ ಟೈಮಲ್ಲಿ ಒಂದು ಫೀಡ್ ತಪ್ಪಿಹೋಗಿ ಸಾವಿರವೂ ಆಗಿರಲ್ಲ. ಟ್ಯೂಬ್ ಬ್ಲಾಕ್ ಆಗತ್ತೆ ಅಂತ ಕಿಚನ್ನಲ್ಲಿ ನೀರು ಬೆರೆಸಿರ್ತಾರೆ, ಅಂದ್ರೆ ಹೋಗಿದ್ದರಲ್ಲೂ ಅರ್ಧ ನೀರು. ರೆಸಿಪಿನ ಗ್ರಾಂ ಲೆಕ್ಕದಲ್ಲಿ ಬರೆದು ಕೊಡಿ, ಚೆನ್ನಾಗಿ ಸೋಸೋಕೆ ಹೇಳಿ, ಕಿಚನ್ನಲ್ಲಿ ಮಾಡಿದ ಫೀಡ್ ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಇಡ್ಬಾರ್ದು. ಹೊಸ ಟ್ಯೂಬ್ ಹಾಕಿದಾಗ ಎಕ್ಸ್‌ರೇಲಿ ಜಾಗ ಖಾತ್ರಿ ಆಗೋವರೆಗೂ ಫೀಡ್ ಶುರು ಮಾಡ್ಬೇಡಿ. ಫೀಡ್ ಕೊಡೋವಾಗ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ ಇರ್ಲಿ, ಮುಂಚೆ ಆಮೇಲೆ ನೀರು ಬಿಟ್ಟು ಟ್ಯೂಬ್ ತೊಳೀಲಿ.

ಒಂದು ವಿಷಯದಲ್ಲಿ ಮಾತ್ರ ಆತುರ ಬೇಡ. ಹತ್ತು-ಹದಿನೈದು ದಿನ ಏನೂ ತಿಂದಿರದವ್ರು, ತುಂಬಾ ಕುಡಿಯೋ ಅಭ್ಯಾಸ ಇರೋರು, ಬಿಎಂಐ 16ಕ್ಕಿಂತ ಕಮ್ಮಿ ಇರೋರು ಬಂದ್ರೆ ಪಾಪ ಅಂತ ಮೊದಲ ದಿನಾನೇ ಹೊಟ್ಟೆ ತುಂಬ ಕೊಟ್ರೆ ರಕ್ತದಲ್ಲಿ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿಢೀರ್ ಅಂತ ಇಳಿದು ಜೀವಕ್ಕೇ ಅಪಾಯ ಆಗತ್ತೆ. ಇದನ್ನ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಡಾಕ್ಟ್ರಿಗೆ ಹೇಳಿ ಮೊದಲು ಥಯಾಮಿನ್ (ವಿಟಮಿನ್ ಬಿ1) ಹಾಕ್ಸಿ, ಕೆಜಿಗೆ 10 ಕ್ಯಾಲೊರಿಯಿಂದ ಶುರು ಮಾಡಿ ನಾಲ್ಕೈದು ದಿನ ರಕ್ತ ಪರೀಕ್ಷೆ ನೋಡ್ಕೊಂಡು ಏರಿಸ್ಕೊಂಡು ಹೋಗಿ.

ಕಿಚನ್ ಬಗ್ಗೆ ಜಾಸ್ತಿ ಹೇಳಲ್ಲ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಚಾಲ್ತಿಯಲ್ಲಿ ಇರ್ಬೇಕು, ಬಿಸಿ ಅಡುಗೆ 60 ಡಿಗ್ರಿ ಮೇಲೆ, ತಣ್ಣಗಿಡೋದು 5 ಡಿಗ್ರಿ ಕೆಳಗೆ, ಒಂದು ಥರ್ಮಾಮೀಟರ್ ತರಿಸಿ. ಉಪ್ಪು ಕಮ್ಮಿ ಇರೋರಿಗೆ ಬೇರೆ ಸಾಂಬಾರ್ ಮಾಡೋಕೆ ಭಟ್ಟರು ಒಪ್ಪಲ್ಲ, ಅದಕ್ಕೆ ಉಪ್ಪು ಹಾಕೋಕ್ ಮುಂಚೆ ಅದೇ ಪಾತ್ರೆಯಿಂದ ಹತ್ತು ಜನರಿಗೆ ಆಗೋಷ್ಟು ತೆಗೆದಿಡಿ ಅನ್ನಿ, ಒಪ್ತಾರೆ. ಕಿಡ್ನಿ ವಾರ್ಡಲ್ಲಿ ಪೇಷಂಟ್ ಕಡೆಯವ್ರು ಪ್ರೀತಿಯಿಂದ ತರೋ ಎಳನೀರನ್ನ ಬಾಗಿಲಲ್ಲೇ ನಿಲ್ಲಿಸ್ಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ರಕ್ತದಲ್ಲಿ ಅದು ಏರಿದ್ರೆ ಹಾರ್ಟಿಗೇ ತೊಂದರೆ. ಅಂಗಡೀಲಿ ಸಿಗೋ ಲೋ ಸೋಡಿಯಂ ಉಪ್ಪೂ ಅವ್ರಿಗೆ ಬೇಡ, ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರ್ತಾರೆ.

ಡಿಸ್ಚಾರ್ಜ್ ದಿನ ಡಯಟ್ ಚಾರ್ಟನ್ನ ಬಿಲ್ ಕಟ್ಟೋಕೆ ನಿಂತಿರೋ ಮಗನ ಕೈಗೆ ಕೊಡ್ಬೇಡಿ, ಮನೇಲಿ ಅಡುಗೆ ಮಾಡೋರು ಯಾರು ಅಂತ ಕೇಳಿ, ಅವ್ರು ಬಂದಿಲ್ಲ ಅಂದ್ರೆ ಫೋನ್ ಹಚ್ಚಿಸಿ ಮಾತಾಡಿ. ಗ್ರಾಂ ಬರೀಬೇಡಿ. ಅವ್ರ ಮನೆ ಲೋಟ, ಸೌಟು, ಮುದ್ದೆ ಗಾತ್ರದಲ್ಲಿ ಹೇಳಿ, ಇಡೀ ದಿನದ ಉಪ್ಪು ಒಂದು ಟೀ ಚಮಚ ಮಟ್ಟಸ ಅಳೆದು ಬೆಳಿಗ್ಗೇನೇ ಒಂದು ಬಟ್ಟಲಿಗೆ ಹಾಕಿಟ್ಕೊಳ್ಳಿ, ಪೇಷಂಟಿಗೆ ಏನೇ ಮಾಡಿದ್ರೂ ಅದರಲ್ಲೇ ತಗೊಳ್ಳಿ ಅನ್ನಿ. ಒಂದು ವಾರ ಬಿಟ್ಟು ಅದೇ ನಂಬರಿಗೆ ಫೋನ್ ಮಾಡಿ ತಟ್ಟೇಲಿ ಎಷ್ಟು ಉಳೀತಿದೆ ಅಂತ ಕೇಳಿ.