ಮಗು ವಿಜ್ಞಾನ ಸ್ಪರ್ಧೆಗೆ ಹೋಗುತ್ತಿದ್ದರೆ, ತೀರ್ಪುಗಾರರು ಏನು ನೋಡುತ್ತಾರೆ ಅಂತ ತಿಳಿದಿರಲಿ

ಪೋಸ್ಟರ್ ಚೆಂದ ಕಾಣಲಿ ಅಂತಲೇ ಎಷ್ಟೋ ಮಕ್ಕಳು ಜಾಸ್ತಿ ಸಮಯ ಕಳೆಯುತ್ತಾರೆ. ಆದರೆ ಅಂತರರಾಷ್ಟ್ರೀಯ ಸ್ಪರ್ಧೆ ಐಸೆಫ್‌ನ ವಿಜ್ಞಾನ ಪ್ರಾಜೆಕ್ಟ್‌ಗಳ ಅಂಕ ನೋಡಿ: 100ರಲ್ಲಿ ಪೋಸ್ಟರ್‌ಗೆ 10, ಸಂದರ್ಶನಕ್ಕೆ 25! ಉಳಿದಂತೆ ಸಂಶೋಧನೆಯ ಪ್ರಶ್ನೆಗೆ 10, ಯೋಜನೆಗೆ 15, ಪ್ರಯೋಗ ನಡೆಸಿ ಫಲಿತಾಂಶ ಅರ್ಥಮಾಡಿಕೊಂಡ ರೀತಿಗೆ 20, ಹೊಸತನಕ್ಕೆ 20.

ಹಾಗಾಗಿ ಮಾತುಕತೆಗೆ ತಯಾರಿ ಮಾಡಿಸಿ. ಸುಮ್ನೆ ಬಾಯಿಪಾಠ ಬೇಡ. ತೀರ್ಪುಗಾರರು ಮಧ್ಯದಲ್ಲೇ ಪ್ರಶ್ನೆ ಹಾಕುತ್ತಾರೆ, ಆಗ ಪಾಠ ಕೈಕೊಡುತ್ತದೆ. ಈ ಪ್ರಶ್ನೆ ಯಾಕೆ ಆರಿಸಿದೆ? ಪ್ರಯೋಗವನ್ನು ಎಷ್ಟು ಸಲ ಮಾಡಿದೆ? ಯಾವುದನ್ನು ಬದಲಿಸಿದೆ, ಯಾವುದನ್ನು ಹಾಗೇ ಇಟ್ಟೆ? ಇದರಲ್ಲಿ ನೀನು ಮಾಡಿದ್ದೆಷ್ಟು, ದೊಡ್ಡವರು ಮಾಡಿದ್ದೆಷ್ಟು? ಈ ಕೊನೆಯದಕ್ಕೆ ನಿಜವನ್ನೇ ಹೇಳಲಿ. ಸಹಾಯ ಪಡೆಯುವುದು ತಪ್ಪಲ್ಲ, ಮುಚ್ಚಿಟ್ಟರೆ ನಂಬಿಕೆ ಹೋಗುತ್ತದೆ.

ಅಂದುಕೊಂಡ ಫಲಿತಾಂಶ ಬರಲಿಲ್ಲವೇ? ಅಂಕಿಗಳನ್ನು ತಿದ್ದಬೇಡಿ, ದಯವಿಟ್ಟು. ಯಾಕೆ ಹಾಗಾಯಿತು ಅಂತ ಮಗು ಯೋಚಿಸಿ ಹೇಳಿದರೆ ಒಳ್ಳೆಯ ತೀರ್ಪುಗಾರರು ಅದನ್ನು ಮೆಚ್ಚುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಆದರೆ ಹೀಗೆ ಪರೀಕ್ಷಿಸಬಹುದು" ಅನ್ನಲಿ. ದಿನಾಂಕ ಹಾಕಿ ಬರೆದ ನೋಟ್‌ಬುಕ್ ಮೇಜಿನ ಮೇಲಿರಲಿ.

ಪ್ರತಿ ಸ್ಪರ್ಧೆಯ ಅಂಕಪಟ್ಟಿ ಬೇರೆ ಇರುತ್ತದೆ. ಪ್ರಾಜೆಕ್ಟ್ ಶುರುಮಾಡುವ ಮೊದಲೇ ಆಯೋಜಕರಿಂದ ಕೇಳಿ ಪಡೆಯಿರಿ.